ಬಿಸಿ ಕೈಯ ಕಿನುಯೆ

ಶಿಮಾಂತೊ ಹೊಳೆಯ ದಂಡೆಯಲ್ಲಿ ಕಿನುಯೆಯ ಮೀನಿನಂಗಡಿ, ಅದಕ್ಕೆ ಅಂಟಿಕೊಂಡೇ ನನ್ನ ತೋಫು ಅಂಗಡಿ. ನಡುವೆ ಇರುವುದು ಒಂದು ಹಲಗೆ ಗೋಡೆ. ಅವಳ ಒಲೆಯ ಹೊಗೆ ನನ್ನ ಮನೆಗೆ, ನನ್ನ ಬಾಯಿಯ ಮಾತು ಅವಳ ಮನೆಗೆ. ಹಾಗಾಗಿ ಅವಳ ವಿಷಯ ಹೇಳಲು ನನಗಿಂತ ಯೋಗ್ಯರು ಈ ಊರಲ್ಲಿ ಇಲ್ಲ. ಕಿನುಯೆಯಷ್ಟು ಚೆನ್ನಾಗಿ ಆಯು ಮೀನು ಸುಡುವವಳನ್ನು ನಾನು ಕಂಡಿಲ್ಲ. ಅವಳಷ್ಟು ಹೊಟ್ಟೆಕಿಚ್ಚಿನವಳನ್ನೂ ಕಂಡಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಕನೆಜಿ ತನ್ನ ಅತ್ತಿಗೆ ಹಾಕಿದ ಮೂಲಂಗಿ ಉಪ್ಪಿನಕಾಯಿಯನ್ನು ಹೊಗಳಿದನಂತೆ. ಮರುದಿನ ಭರಣಿ ಹೊಳೆಯಲ್ಲಿ ತೇಲುತ್ತಿತ್ತು. ಇನ್ನೊಮ್ಮೆ ಅವನು ನನ್ನ ತೋಫು ಮೆತ್ತಗಿದೆ ಅಂದದ್ದಕ್ಕೆ ಆ ಚಳಿಗಾಲ ಪೂರ್ತಿ ನನ್ನ ಜೊತೆ ಮಾತು ಬಿಟ್ಟಳು. ಮೆತ್ತಗಿದ್ದದ್ದು ತೋಫು, ನಾನಲ್ಲ. ಹೇಳಿದರೆ ಕೇಳಬೇಕಲ್ಲ!

ಆಯು ಮೀನಿಗೂ ಅದೇ ಗುಣ. ಹೊಳೆಯ ತಳದಲ್ಲಿ ಒಂದೊಂದು ಮೀನೂ ಒಂದೊಂದು ಪಾಚಿಗಲ್ಲನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಅಲ್ಲಿಗೆ ಇನ್ನೊಂದು ಬಂದರೆ ಮೈಮೇಲೆ ಬಿದ್ದು ಓಡಿಸುತ್ತದೆ. ನಮ್ಮ ಗಂಡಸರು ಹಿಡಿಯುವುದು ಈ ಗುಣವನ್ನೇ ನಂಬಿ. ಜೀವಂತ ಮೀನೊಂದರ ಮೂಗಿಗೆ ಗಾಳದ ದಾರದ ಪುಟ್ಟ ಬಳೆ ಪೋಣಿಸಿ, ಬಾಲದ ಬಳಿ ಬರೀ ಕೊಕ್ಕೆ ಕಟ್ಟಿ, ಎರೆಮೀನಾಗಿ ನೀರಿಗೆ ಬಿಡುತ್ತಾರೆ. ಕಲ್ಲಿನ ಒಡೆಯ ಸಿಟ್ಟಿನಿಂದ ನುಗ್ಗಿ ಬಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತಾನೆ. ಹುಳ ಬೇಡ, ಹಿಟ್ಟು ಬೇಡ, ಹೊಟ್ಟೆಕಿಚ್ಚು ಸಾಕು.

ಕನೆಜಿ ತಂದ ಮೀನಿನ ಹೊಟ್ಟೆಯನ್ನು ಕಿನುಯೆ ಸೀಳುವುದಿಲ್ಲ. ಈಜುತ್ತಿರುವ ಹಾಗೆ ಬಳುಕಿಸಿ ಕಡ್ಡಿಗೆ ಚುಚ್ಚುತ್ತಾಳೆ, ಬಾಲಕ್ಕೂ ರೆಕ್ಕೆಗೂ ಉಪ್ಪು ಮೆತ್ತುತ್ತಾಳೆ, ತಲೆ ಕೆಳಗಾಗಿ ಇದ್ದಿಲ ಸುತ್ತ ನೆಡುತ್ತಾಳೆ. ಕೊಬ್ಬು ಬಾಯಿಂದ ಹನಿಹನಿಯಾಗಿ ಇಳಿದು ಮೂಳೆಯೂ ಗರಿಗರಿಯಾಗುವ ತನಕ ಅಲ್ಲಿಂದ ಏಳುವುದಿಲ್ಲ. ಕಡ್ಡಿಗಳನ್ನು ಬರಿಗೈಯಲ್ಲೇ ತಿರುಗಿಸುತ್ತಾಳೆ. ಅವಳ ಬೆರಳು ಕಾವಲಿಯಷ್ಟು ಬಿಸಿ. ಆ ಮೀನನ್ನು ತಲೆಯಿಂದ ಬಾಲದವರೆಗೆ ತಿನ್ನಬೇಕು. ಹೊಟ್ಟೆಯ ಕಹಿಯೇ ಅದರ ರುಚಿ.

ಒಳ್ಳೆಯ ಮೀನು ಗಿರಾಕಿಗಳಿಗೆ. ದಿನವಿಡೀ ಈಜಿ ಬಡಕಲಾದ ಎರೆಮೀನು ಮನೆಯವರಿಗೆ. ಮದುವೆಯಾದಾಗಿನಿಂದ ಕಿನುಯೆ ತಿಂದದ್ದು ಅದನ್ನೇ, ಅದೂ ಜಂಬದಿಂದ. "ಗಿರಾಕಿ ತಿನ್ನೋದು ಬರೀ ಮೀನು ಕಣೇ ಮಾಸಾ. ಇದು ನಮ್ಮನೆಯವರ ಕೈಲಿ ಇಡೀ ದಿನ ಇದ್ದ ಮೀನು," ಅನ್ನುತ್ತಿದ್ದಳು ನನಗೆ.

ಈ ಬೇಸಿಗೆಯ ಒಂದು ಸಂಜೆ ನಾನು ತೋಫು ಕೊಡಲು ಹೋದಾಗ ಗಂಡ ಹೆಂಡತಿ ಊಟಕ್ಕೆ ಕೂತಿದ್ದರು. ಕಿನುಯೆ ಮೀನಿನ ಹೊಟ್ಟೆ ಕಚ್ಚಿದಳು. ಅಗಿಯುವುದು ನಿಂತಿತು.

"ರೀ, ಎಲ್ಲಿ ಹಿಡಿದ್ರಿ ಇದನ್ನ?"

"ಇನ್ನೆಲ್ಲಿ? ಮೇಲಿನ ಬಂಡೆ ಹತ್ರ."

"ಬಂಡೆ ಹತ್ರದ ಮೀನಲ್ಲಿ ಮರಳು ಎಲ್ಲಿಂದ ಬಂತು?"

ಕನೆಜಿ ಊಟ ಮುಗಿಸುವವರ ಹಾಗೆ ಅನ್ನಕ್ಕೆ ಚಹಾ ಸುರಿದುಕೊಂಡ. ಬಂಡೆಯ ಬಳಿಯ ರಭಸದ ನೀರಿನ ಮೀನು ಶುದ್ಧ ಪಾಚಿ ತಿಂದಿರುತ್ತದೆ. ಹಲ್ಲಿಗೆ ಮರಳು ಸಿಕ್ಕಿತೆಂದರೆ ಅದು ನಿಂತ ನೀರಿನದು. ನಮ್ಮ ಕಡೆ ಅಂಥ ಮರಳು ಮಡು ಇರುವುದು ಒಂದೇ, ತೊಮಿಯ ಮನೆಯ ಕೆಳಗೆ.

ತೊಮಿ ಗಂಡ ಸತ್ತವಳು. ಅವನ ಗಾಳವನ್ನು ತಾನೇ ಹಿಡಿದು ಹೊಳೆಗಿಳಿಯುವವಳು. ಹಲ್ಲು ಬೆಳ್ಳಗೆ, ನಗು ಜಾಸ್ತಿ. ಬೆಂಕಿಗೆ ತುಪ್ಪ ಸುರಿಯಲು ಇಷ್ಟು ಸಾಲದೆ?

ಮರುದಿನ ಕಿನುಯೆ ನನ್ನನ್ನು ಸೇತುವೆಯವರೆಗೆ ಎಳೆದುಕೊಂಡು ಹೋದಳು. ಕೆಳಗೆ ಮಡುವಿನಲ್ಲಿ ಕನೆಜಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಪಕ್ಕದಲ್ಲಿ ತೊಮಿ. ಇಬ್ಬರ ತಲೆಯೂ ಒಂದೇ ಮೀನಿನ ಮೇಲೆ ಬಾಗಿತ್ತು. ತೊಮಿ ಮೂಗುಬಳೆ ಪೋಣಿಸಿ ಮೀನನ್ನು ಅವನ ಅಂಗೈಯಲ್ಲಿಟ್ಟಳು. ಅವನು ನಕ್ಕ.

ಎರೆಮೀನನ್ನು ನಮ್ಮವರು ಅಣ್ಣ ತಮ್ಮಂದಿರಿಗೂ ಮುಟ್ಟಗೊಡುವುದಿಲ್ಲ. ಕಿನುಯೆ ಕೆಳಗಿಳಿಯಲಿಲ್ಲ, ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಆ ಮಧ್ಯಾಹ್ನ ಅವಳ ಅಂಗಡಿಯಲ್ಲಿ ಮೀನು ಕರಕಲಾಯಿತು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಸಂಜೆ ಹಲಗೆ ಗೋಡೆಯಾಚೆ ಮಾತು ಸಿಡಿಯಿತು.

"ನಾಳೆಯಿಂದ ಆ ಮರಳು ಮೀನನ್ನ ಅವಳ ಒಲೇಲೇ ಸುಡಿಸ್ಕೊಳ್ಳಿ! ಉಪ್ಪು ಹಾಕೋಕೆ ಬರುತ್ತಾ ಅವಳಿಗೆ?"

ಕನೆಜಿ ಬಾಗಿಲು ಸರಿಸಿಕೊಂಡು ಹೊರಗೆ ಹೋದ. ಹೋಗುವಾಗ ಹೊಸ್ತಿಲು ಎಡವಿದ. ಹುಟ್ಟಿದಾಗಿನಿಂದ ದಾಟಿದ ಹೊಸ್ತಿಲು!

ಮಾರನೆಯ ದಿನ ಅಂಗಡಿ ಖಾಲಿಯಿದ್ದ ಹೊತ್ತಿಗೆ ತೊಮಿ ತಾನಾಗಿಯೇ ಬಂದಳು. ಕೈಯಲ್ಲಿ ಬಕೆಟ್ಟು, ಅದರಲ್ಲಿ ಎರಡು ಜೀವಂತ ಮೀನು. ಜಗಳ ಬಿಡಿಸಲು ಬೇಕಾಗಬಹುದೆಂದು ನಾನೂ ಹೋದೆ. ಸರಿ, ನೋಡಲಿಕ್ಕೇ ಹೋದೆ.

"ಕಿನುಯೆ ಅಕ್ಕ, ಅವರಿಗೆ ಕಣ್ಣು ಕಾಣಲ್ಲ," ಅಂದಳು ತೊಮಿ. "ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣೂ ಮಬ್ಬಾಗ್ತಿದೆ. ಹೋಗಿದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಬಂಡೆ ಹತ್ರ ಕಾಲು ಜಾರಿ ಬಿದ್ದಿದ್ರು, ಅದಕ್ಕೇ ಮಡುವಿಗೆ ಬರ್ತಾರೆ. ಮೂಗುಬಳೆ ಪೋಣಿಸೋಕೆ ಆಗಲ್ಲ ಅಂತ ನಾನು ಹಾಕ್ಕೊಡ್ತೀನಿ. ಅಷ್ಟೇ."

ಕಿನುಯೆಯ ಮುಖದ ಬಣ್ಣ ಇಳಿಯಿತು. ಇನ್ನು ಅಳುತ್ತಾಳೆ, ತೊಮಿಯ ಕೈ ಹಿಡಿಯುತ್ತಾಳೆ ಅಂದುಕೊಂಡೆ. ಇಷ್ಟು ವರ್ಷ ಪಕ್ಕದಲ್ಲಿದ್ದರೂ ನನಗೆ ಬುದ್ಧಿ ಬಂದಿಲ್ಲ.

"ಡಾಕ್ಟ್ರ ಹತ್ರ ಯಾರು ಕರ್ಕೊಂಡು ಹೋಗಿದ್ದು?"

"ನಾನೇ, ನನ್ನ ಗಾಡೀಲಿ. ಅಕ್ಕನಿಗೆ ಹೇಳಬೇಡ, ಹೇಳಿದ್ರೆ ಹೊಳೆಗೆ ಬಿಡಲ್ಲ, ಗಾಳನ ಒಲೆಗೆ ಹಾಕ್ತಾಳೆ ಅಂದ್ರು."

"ಹಾಕ್ತಿದ್ದೆ! ಖಂಡಿತ ಹಾಕ್ತಿದ್ದೆ!" ಕಿನುಯೆಯ ದನಿ ಒಡೆಯಿತು. "ಅದಕ್ಕೆ? ಕುರುಡಾಗೋ ಸುದ್ದೀನ ಹೆಂಡ್ತಿಗೆ ಮುಚ್ಚಿಟ್ಟು ನಿನಗೆ ಹೇಳೋದಾ? ಬರೀ ನಿನ್ನ ಜೊತೆ ನಕ್ಕಿದ್ರೆ ನಾನು ಸಹಿಸ್ಕೊಳ್ತಿದ್ದೆ. ಅವರ ಭಯಾನೂ ನೀನೇ ತಗೊಂಡ್ಯಾ?"

ತೊಮಿ ತಲೆ ತಗ್ಗಿಸಿದಳು. ನಿಜಕ್ಕೂ, ನಗುವನ್ನು ಯಾರಿಗೆ ಬೇಕಾದರೂ ಕೊಡಬಹುದು.

ಕಿನುಯೆ ಬಕೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. "ಹೆಂಗೆ ಪೋಣಿಸೋದು? ತೋರಿಸು."

ತೊಮಿ ತೋರಿಸಿದಳು. ಕಿನುಯೆಯ ಕೈಯಿಂದ ಮೊದಲ ಮೀನು ಜಾರಿ ನೆಲಕ್ಕೆ ಬಿತ್ತು, ಎರಡನೆಯದಕ್ಕೆ ಬಳೆ ಸೇರಿತು.

"ಮುಟ್ಟೋ ಮುಂಚೆ ಕೈ ಚೆನ್ನಾಗಿ ತಣ್ಣಗೆ ಮಾಡ್ಕೋ ಅಕ್ಕ. ಇಲ್ದಿದ್ರೆ..."

"ಮೀನಿನ ಪಾಠ ನನಗೆ ಹೇಳಬೇಡ. ನಾಳೆ ನೀನು ಮಡುವಿಗೆ ಬರಬೇಡ."

ಆದರೆ ಬರಿಗೈಯಲ್ಲಿ ಕಳಿಸಲಿಲ್ಲ. ಅಂದಿನ ಅತಿ ದೊಡ್ಡ ಮೀನು ಸುಟ್ಟು, ಬಿದಿರೆಲೆಯಲ್ಲಿ ಸುತ್ತಿ ಕೊಟ್ಟಳು. "ಪ್ರೀತಿಗಲ್ಲ. ಮೀನು ಸುಡೋದು ಅಂದ್ರೇನು ಅಂತ ಗೊತ್ತಾಗಲಿ ಅವಳಿಗೆ," ಅಂದಳು ನನ್ನ ಹತ್ತಿರ.

ಮರುದಿನ ಬೆಳಿಗ್ಗೆ ಬೆಂಕಿ ಹಚ್ಚಿ, ಹೊಳೆಯ ಗಂಡಸರಿಗೆ ಒಂದು ಸುತ್ತು ಮೀನು ಸುಟ್ಟು ಕೊಟ್ಟು, ಅಂಗಡಿಯ ಬಾಗಿಲು ಎಳೆದಳು. ಕನೆಜಿ ಆಗಲೇ ಮಡುವಿಗೆ ಹೋಗಿದ್ದ. ಬಕೆಟ್ಟು ಹಿಡಿಯಲು ನಾನು. ಕಿನುಯೆ ಸದ್ದಿಲ್ಲದೆ ನೀರಿಗಿಳಿದು ಅವನ ಬೆನ್ನ ಹಿಂದೆ ನಿಂತಳು.

ನೀರು ಸರಿದ ಸದ್ದಿಗೆ ಅವನು ತಿರುಗದೆಯೇ ಹಿಂದಕ್ಕೆ ಕೈ ಚಾಚಿದ. "ಬಂದ್ಯಾ ತೊಮಿ? ಎರೆಮೀನು ಕೊಡು."

ಆ ಹೆಸರು ಕೇಳಿ ಕಿನುಯೆ ಕಣ್ಣು ಮುಚ್ಚಿಕೊಂಡಳು. ಬಳೆ ಪೋಣಿಸಿದಳು, ಮೀನನ್ನು ಅವನ ಅಂಗೈಯಲ್ಲಿಟ್ಟಳು. ಅವನ ಬೆರಳು ಅವಳ ಬೆರಳಿಗೆ ತಾಗಿ ಅಲ್ಲೇ ನಿಂತಿತು.

"ಕಿನುಯೆ," ಅಂದ ಕನೆಜಿ. "ಕೈ ನೀರಲ್ಲಿ ಅದ್ದೇ ಮಾರಾಯ್ತಿ. ಇಷ್ಟು ಬಿಸಿ ಕೈಲಿ ಹಿಡಿದ್ರೆ ಮೀನು ಸತ್ತೋಗುತ್ತೆ."

ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ನಾನು ಕಣ್ಣಾರೆ ಕಂಡೆ. ಆದರೂ ಆ ಬಾಯಿ ಸುಮ್ಮನಿರಬೇಕಲ್ಲ.

"ಹಂಗಾದ್ರೆ ಅವಳ ಕೈ ತಣ್ಣಗಿರುತ್ತೆ ಅಂತ ನಿಮಗೆ ಹೆಂಗ್ರೀ ಗೊತ್ತು?"

ಹಾಗೆ ಕೇಳುತ್ತಲೇ ಬಗ್ಗಿ, ಎರಡೂ ಕೈಗಳನ್ನು ಮೊಣಕೈವರೆಗೆ ಹೊಳೆಯಲ್ಲಿ ಅದ್ದಿದಳು.