ಮಾವನ ಉಸಿರಿನ ಸದ್ದು

ಸಾಯುತ್ತಿದ್ದ ಮನುಷ್ಯನ ಉಸಿರನ್ನು ಅಣಕಿಸಿ ಗೆಳೆಯರನ್ನು ನಗಿಸಿದವನು ನಾನು. ಮೊದಲೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ನಾನು ಅಣಕಿಸದ ಜನವಿಲ್ಲ. ನನ್ನ ಕೀರಲು ದನಿಯನ್ನೂ ಬಿಟ್ಟಿಲ್ಲ.

ಮೊನ್ನೆ ಅಕ್ಕಿಪೇಟೆಯಲ್ಲಿ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಚಾಮರಾಜಪೇಟೆಯ ನಮ್ಮ ಪಕ್ಕದ ಮನೆಯ ಮಾವ ಸಂಜೆ ಮಂಡಿಯಿಂದ ಬಂದಾಗ ಇದೇ ವಾಸನೆ... ಅಕ್ಕಿ ಅಳೆಯುವಾಗ ಅವರು 'ಒಂದು' ಅನ್ನುತ್ತಿರಲಿಲ್ಲ. 'ಲಾಭ' ಎಂದು ರಾಗವಾಗಿ ಎಳೆದು, ಒಮ್ಮೆ ಕೆಮ್ಮಿ, ಆಮೇಲೆ 'ಎರಡು'. ಆ ಕೆಮ್ಮಿಗೆ ಮಂಡಿಯ ಪಾರಿವಾಳಗಳು ಹಾರುತ್ತಿದ್ದವು. ಆಗ ಇನ್ನೂ ಹುಡುಗನಾಗಿದ್ದ ನಾನು ಹಾಗೇ ಮಾಡಿ ತೋರಿಸಿದರೆ, "ನನಗಿಂತ ಚೆನ್ನಾಗಿ ಕೆಮ್ತೀಯಲ್ಲೋ, ನಾಳೆಯಿಂದ ನೀನೇ ಹೋಗು ಮಂಡಿಗೆ" ಅನ್ನುತ್ತಿದ್ದರು.

ಒಂದು ದಿನ ಅವರು ಚೀಲಗಳ ಅಟ್ಟಿಯ ಮೇಲಿಂದ ಬಿದ್ದರು. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದಾಗ ಕೈಕಾಲಷ್ಟೇ ಅಲ್ಲ, ಆ ಕೆಮ್ಮೂ ಹೋಗಿತ್ತು. ಎದೆಗೆ ಬಲವಿಲ್ಲ, ಕಫ ಹೊರಗೆ ಬರುವುದಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು, ಉಸಿರಿನ ಸದ್ದು ಬದಲಾದರೆ ತಕ್ಷಣ ಹೇಳಿ ಕಳಿಸಿ ಎಂದು ಡಾಕ್ಟರು ಅತ್ತೆಗೆ ಹೇಳಿದ್ದರು. ಅತ್ತೆ ಅದನ್ನು ನನಗೂ ಹೇಳಿದ್ದರು.

ಅವತ್ತು ಬೆಳಿಗ್ಗೆ ಅತ್ತೆ ನನ್ನನ್ನು ಕಾವಲಿಗೆ ಕೂರಿಸಿ ನಲ್ಲಿಗೆ ಹೋದರು. ಮಾವನ ಎದೆಯೊಳಗೆ ಗೊರಗೊರ... ನಾನು ಚೆನ್ನಾಗಿ ಕೇಳಿಸಿಕೊಂಡೆ. ಜಗಲಿಗೆ ಬಂದು, ಹುಕ್ಕಾ ಸೇದುವ ನವಾಬನ ಹಾಗೆ ಕಣ್ಣು ಮುಚ್ಚಿ, ಅದೇ ಸದ್ದು ಹೊರಡಿಸಿದೆ. ಗೆಳೆಯರು ಬಿದ್ದು ಬಿದ್ದು ನಕ್ಕರು. ಬಿಂದಿಗೆ ಹೊತ್ತು ಬಂದ ಅತ್ತೆ, "ಹೇಗಿದಾರೋ?" ಅಂದರು.

"ಆರಾಮಾಗಿದಾರೆ ಅತ್ತೆ."

ಆ ಮಾತು ನಂಬಿ ಅತ್ತೆ ಕೆಲಸಕ್ಕೆ ಹೋದರು. ಸಂಜೆ ಅವರು ಬರುವ ಹೊತ್ತಿಗೆ ಮಾವನ ತುಟಿ ನೀಲಿಯಾಗಿತ್ತು. ಡಾಕ್ಟರು ಓಡಿಬಂದು, "ಬೆಳಿಗ್ಗೆ ಉಸಿರು ಹೇಗಿತ್ತು?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನಾನು ಮಾಡಿ ತೋರಿಸಿದೆ. ಈ ಸಲ ಯಾರೂ ನಗಲಿಲ್ಲ.

"ಆಗಲೇ ನೀರು ತುಂಬಿತ್ತಲ್ಲಪ್ಪ. ಬೆಳಿಗ್ಗೇನೇ ಕರೆದಿದ್ರೆ..." ಡಾಕ್ಟರು ಮಾವನ ಎದೆಗೆ ಸ್ಟೆತಸ್ಕೋಪು ಒತ್ತಿದರು. ಮಾರನೆಯ ಬೆಳಿಗ್ಗೆಗೆ ಮಾವ ಇರಲಿಲ್ಲ.

ಈಗಲೂ ಕೇಳಿದವರಿಗೆಲ್ಲ ಅಣಕ ಮಾಡಿ ತೋರಿಸುತ್ತೇನೆ. ಮಾವನ 'ಲಾಭ' ಮಾತ್ರ ಬಾಯಿಗೆ ಬರುವುದಿಲ್ಲ. ಮೊನ್ನೆ ಅಕ್ಕಿಪೇಟೆಯಿಂದ ಸೀದಾ ಅತ್ತೆಯ ಮನೆಗೆ ಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಹುಡುಗುಬುದ್ಧಿ ಅತ್ತೆ. ಅವತ್ತು ನನಗೆ ಗೊತ್ತಾಗ್ಲಿಲ್ಲ" ಅಂದೆ.

ಅತ್ತೆ ತಲೆ ಎತ್ತಲಿಲ್ಲ.

"ಗೊತ್ತಾಗ್ಲಿಲ್ಲ ಅನ್ಬೇಡ ಕಣೋ. ಗೊತ್ತಾಗ್ದೆ ಇದ್ದಿದ್ರೆ ಡಾಕ್ಟರ ಮುಂದೆ ಅಷ್ಟು ಚೆನ್ನಾಗಿ ಹೇಗೆ ಮಾಡ್ದೆ?"