ಅಮ್ಮನ ಹೊಟ್ಟೆಯ ಹುಣ್ಣು

ತೊಂಬತ್ತರ ದಶಕದ ಕೊನೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡನೆಕ್ಕುಂದಿಯ ನಮ್ಮ ಮನೆಯಲ್ಲಿ ದೊಡ್ಡಪ್ಪನದೇ ದರ್ಬಾರು. ಅಮ್ಮನಿಗೆ ಕೆಲವು ದಿನಗಳಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತು. ನಾಚಿಕೆ ಬಿಟ್ಟು ದೊಡ್ಡಮ್ಮನಿಗೆ ಹೇಳಿದಳು. ಮಾತು ಜಗಲಿಗೆ ಹೋಗಿ, ಅಲ್ಲಿಂದ ದೊಡ್ಡಪ್ಪನ ತೀರ್ಪು ಬಂತು: "ಮುದ್ದೆ ತಿನ್ನೋರಿಗೆ ಕಪ್ಪಗಲ್ದೆ ಬೆಳ್ಳಗೆ ಹೋಯ್ತದಾ?" ಎಲ್ಲರೂ ನಕ್ಕರು.

ಮಾರನೆಯ ದಿನ ಅಮ್ಮ ಒಲೆಯ ಮುಂದೆ ರಕ್ತ ಕಾರಿಕೊಂಡಳು. ಆಟೋದಲ್ಲಿ ಇಂದಿರಾನಗರದ ಆಸ್ಪತ್ರೆಗೆ ಒಯ್ದೆವು. ರಕ್ತ ಏರಿಸಿದ ಡಾಕ್ಟರು, ಎಂಡೋಸ್ಕೋಪಿ ಮಾಡೋಣ, ಹೊಟ್ಟೆ ಕೊಯ್ಯುವುದು ಬೇಡ ಎಂದರು. ಬಾಯಿಂದ ಕೊಳವೆ ಇಳಿಸಿ, ಪಕ್ಕದ ಪುಟ್ಟ ಟೀವಿಯಲ್ಲಿ ನನಗೂ ತೋರಿಸಿದರು. ಜಠರದ ಗೋಡೆಯಲ್ಲೊಂದು ಹುಣ್ಣು, ಅದರ ನಡುವಿನಿಂದ ರಕ್ತ. ಕೊಳವೆಯೊಳಗಿಂದಲೇ ಸೂಜಿ ತೂರಿಸಿ ಔಷಧಿ ಚುಚ್ಚಿದರು, ಆಮೇಲೆ ಬಿಸಿ ತಾಗಿಸಿದರು. ನೋಡನೋಡುತ್ತಿದ್ದಂತೆ ರಕ್ತ ನಿಂತಿತು. ಆ ಡಾಕ್ಟರ ಕಾಲಿಗೆ ಬೀಳಬೇಕೆನ್ನಿಸಿತು ನನಗೆ.

ಮರುದಿನ ಅವರು ಕೇಳಿದರು: "ನೋವಿನ ಮಾತ್ರೆ ಏನಾದ್ರೂ ತಗೋತಿದ್ರಾಮ್ಮ? ಮುಚ್ಚಿಡ್ಬೇಡಿ. ಅದ್ರಿಂದ್ಲೂ ಹೀಗಾಗತ್ತೆ."

ಮಂಚದ ಪಕ್ಕದಲ್ಲೇ ದೊಡ್ಡಪ್ಪ ನಿಂತಿದ್ದರು. ಅಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು "ಇಲ್ಲ ಸಾಮಿ" ಎಂದಳು.

ನೋಡಲು ಬಂದ ನೆಂಟರಿಗೆಲ್ಲ ದೊಡ್ಡಪ್ಪ, "ನಾನಿದ್ದೆ, ಟೈಮಿಗೆ ಸರಿಯಾಗ್ ಕರ್ಕೊಂಡೋದೆ" ಎಂದು ಮೀಸೆ ತಿರುವಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲವು ತಿಂಗಳು ಕಳೆದವು. ಅಮ್ಮನ ಮಂಡಿನೋವು ಮತ್ತೆ ಹೆಚ್ಚಿತು. ಒಂದು ದಿನ ಶಿವಾಜಿನಗರಕ್ಕೆ ಹೋಗಿದ್ದ ದೊಡ್ಡಪ್ಪ ಮಾತ್ರೆ ತಂದು ಜಗಲಿಯ ಮೇಲಿಟ್ಟರು. "ತಗಳಮ್ಮ, ಮಂಡಿಗೆ ಹೋದ್ಸಲ ತಂದ್ಕೊಟ್ಟಿದ್ನಲ್ಲ, ಅದೇ."

ಹೋದ ಸಲ! ಆಗ ನನಗೆ ಎಲ್ಲ ಅರ್ಥವಾಯಿತು. ಡಾಕ್ಟರು ಹೇಳಿದ್ದು ಮರೆತುಹೋಯಿತೇ ಎಂದು ಕೂಗಾಡಿದೆ.

"ಡಾಕ್ಟ್ರುಗಳು ಹಂಗೇ ಹೇಳ್ತಾರೆ. ಊರೆಲ್ಲಾ ತಿಂತದೆ ಈ ಮಾತ್ರೆ," ಎಂದು ಅವರು ಟವೆಲ್ಲು ಕೊಡವಿ ಎದ್ದು ಹೋದರು. ನಾನು ಮಾತ್ರೆಯನ್ನು ಚರಂಡಿಗೆಸೆದೆ.

"ಡಾಕ್ಟ್ರ ಹತ್ರ ಯಾಕಮ್ಮ ಸುಳ್ಳು ಹೇಳ್ದೆ?"

"ಭಾವ ಎದುರ್ಗೇ ನಿಂತಿದ್ರಲ್ಲೇ. ಇವ್ರೇ ತಂದ್ಕೊಟ್ಟಿದ್ದು ಅಂತ ಹೊರಗಿನೋರ ಮುಂದೆ ಹೆಂಗೆ ಹೇಳ್ಲಿ?"

ಸಂಜೆ ಹಿತ್ತಲಿನಿಂದ ಬರುವಾಗ ನೋಡಿದೆ. ಅಮ್ಮ ಚರಂಡಿಯಿಂದ ಮಾತ್ರೆಯ ಹಾಳೆಯನ್ನು ಎತ್ತಿ, ತೊಳೆದು, ಸೆರಗಿನಲ್ಲಿ ಒರೆಸುತ್ತಿದ್ದಳು. ಕಿತ್ತುಕೊಂಡು ಒಲೆಗೆ ಹಾಕಿದೆ. ಆದರೆ ದೊಡ್ಡಪ್ಪ ಶಿವಾಜಿನಗರಕ್ಕೆ ಹೋಗುವುದು ನಿಲ್ಲಲಿಲ್ಲ.

ಎರಡನೆಯ ಸಲ ರಕ್ತ ಕಾರಿದಾಗ, ಆ ಡಾಕ್ಟರಿಗೆ ಕೊಳವೆ ಇಳಿಸುವಷ್ಟು ಹೊತ್ತನ್ನೂ ಅಮ್ಮ ಕೊಡಲಿಲ್ಲ.