ಚಪ್ಪಲಿ ಜೋಡಿಸುವ ಸಾಹುಕಾರ

ಪೋಕರ್ ಸಾಹುಕಾರರ ಸುದ್ದಿ ಆಯಿಶುಮ್ಮನ ಕಿವಿಗೆ ಬಿದ್ದದ್ದು ಆಕೆ ವಿರಾಜಪೇಟೆಯ ಮಸೀದಿಯ ಅಂಗಳ ಗುಡಿಸಲು ಸೇರಿದ ದಿನವೇ: ಅಹಂಕಾರ ಮುರಿಯಲೆಂದು ಮಸೀದಿಯ ಗುರುಗಳಾದ ಉಸ್ತಾದರು ಈ ಮೆಣಸಿನ ವ್ಯಾಪಾರಿಗೆ, ನಮಾಜಿಗೆ ಬಂದವರ ಚಪ್ಪಲಿ ಜೋಡಿಸಿಡುವ ಕೆಲಸ ಹೇಳಿದ್ದಾರಂತೆ. ಜೋಡಿಸಿದ್ದೇನೋ ಹೌದು. ಬಿಳಿ ದೊರೆಯ ತೋಟದಲ್ಲಿ ಲೆಕ್ಕ ಬರೆಯುವ ರೈಟರನ ಬೂಟನ್ನು ತಮ್ಮ ಶಾಲಿನಲ್ಲೇ ಒರೆಸಿ ಸೂರಿನಡಿ ಇಡುವರು. ಗಾಡಿ ಹೊಡೆಯುವವರ ಮೆಟ್ಟುಗಳನ್ನು ಕಾಲಿನಿಂದಲೇ ಮಳೆಗೆ ತಳ್ಳುವರು. ತಮ್ಮ ಅಳಿಯನ ಜೋಡಿಗಂತೂ ಮೆಟ್ಟಿಲ ಮೇಲೆ ಮೀಸಲು ಜಾಗ. ಆಮೇಲೆ ಸೊಂಟ ಹಿಡಿದು ನಿಂತು, "ನನ್ನಷ್ಟು ತಗ್ಗಿದವನು ಈ ಪೇಟೇಲಿ ಇನ್ನೊಬ್ಬ ಇದ್ರೆ ತೋರಿಸಿ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳುವರು. "ಒಳಗೆ ಎಲ್ರೂ ಒಂದೇ ಸಾಲಲ್ಲಿ ನಿಲ್ತಾರೆ ಸಾಹುಕಾರ್ರೇ, ಹೊರಗೆ ಚಪ್ಪಲಿಗೆ ಮಾತ್ರ ಯಾಕೆ ಮೇಲು ಕೀಳು?" ಎಂದು ಆಯಿಶುಮ್ಮ ಚುಚ್ಚಿದರೆ, "ನಿಂಗೇನು ಗೊತ್ತು, ಸುಮ್ನೆ ಗುಡಿಸು" ಎನ್ನುವರು. ಮುಪ್ಪಿನಲ್ಲಿ ಸಾಹುಕಾರರ ಕಣ್ಣು ಪೂರ್ತಿ ಹೋಯಿತು. ಆದರೂ ಒಂದು ಶುಕ್ರವಾರವೂ ತಪ್ಪಿಸಲಿಲ್ಲ, ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ತಡವಿ, "ಇದು ಯಾರದ್ದು?" ಎಂದು ಆಯಿಶುಮ್ಮನನ್ನು ಕೇಳಿ, ಆಳು ತಿಳಿದು ಜಾಗ ಕೊಡುವ ಚಾಳಿಯನ್ನೂ ಬಿಡಲಿಲ್ಲ. ಕೊನೆಯ ಸಲ ಬಂದಾಗ ಮಾತ್ರ, ಕೆಸರು ಮೆತ್ತಿದ ಮೆಟ್ಟೊಂದನ್ನು ಕೈಯಲ್ಲಿ ಹಿಡಿದುಕೊಂಡೇ ದನಿ ತಗ್ಗಿಸಿ ಬೇಡಿಕೊಂಡರು: "ಆಯಿಶುಮ್ಮಾ, ಇನ್ನು ಮೇಲೆ ನಾನು ಯಾರದ್ದು ಅಂತ ಎಷ್ಟು ಕೇಳಿದ್ರೂ ನೀನು ಹೇಳ್ಬೇಡ."